ಭೂಮಿಕಾಳ ‘ಸುಮಾರು’ ಮರಳಿಸುವ ಬಗ್ಗೆ

ಶಿವಮೊಗ್ಗ ನಗರದ ಸವಳಂಗ ರಸ್ತೆಯಲ್ಲಿ, ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಓದುಮನೆ ಸಂಸ್ಥೆಯ ಕಚೇರಿಯೊಳಗೆ, ಕಿಟಕಿಯಿಂದ ಎರಡನೆಯ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಬಿಜಯಂಗೈದಿರುವ ಮಿಶ್ರ ಪರಿಣಾಮಗಳ ಮಾದರಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಭದ್ರಾವತಿಯ ನಿವೃತ್ತ ಕನ್ನಡ ಉಪಾಧ್ಯಾಯ ಮೂರ್ತಪ್ಪನು ತಮ್ಮ ಪಾದಗಳಿಗೆ ನಮಸ್ಕರಿಸಿ ಬರೆದುಕೊಳ್ಳುವ ಅರಿಕೆ ಎಂದು ಆರಂಭಿಸಬೇಕೆಂದಿದ್ದೆ. ಆದರೆ ತಮಗೆ ಪಾದಗಳಿಲ್ಲವೆಂದೂ, ಇರುವುದು ಕೇವಲ ಸಂಖ್ಯಾಶಾಸ್ತ್ರದ ಒಂದು ಸಮೀಕರಣವೆಂದೂ ವಿಶ್ವಸನೀಯ ಮೂಲಗಳಿಂದ ತಿಳಿದುಬಂದಿರುವುದರಿಂದ, ಆ ಸಮೀಕರಣದ ಎಡಭಾಗಕ್ಕೂ ಬಲಭಾಗಕ್ಕೂ ಪಕ್ಷಪಾತವಿಲ್ಲದೆ ಸಮನಾಗಿ ಕೈಮುಗಿಯುತ್ತೇನೆ. ತಾವು ಕುಶಲವೆಂದು ಭಾವಿಸುತ್ತೇನೆ. ತಮ್ಮ ಕುಶಲದ ಬಗ್ಗೆ ನನಗಿರುವ ತಿಳಿವಳಿಕೆ ಅಂದಾಜಿನದು.

ಎಲ್ಲಕ್ಕಿಂತ ಮೊದಲು ಒಂದು ತಿದ್ದುಪಡಿ. ನಮ್ಮ ಬಡಾವಣೆಯ ನಾಗರಿಕರ ಸಂಘದ ಪಾಕ್ಷಿಕದಲ್ಲಿ ಜನವರಿ ಇಪ್ಪತ್ತರಂದು ಪ್ರಕಟವಾದ ನನ್ನ ಹಿಂದಿನ ಬಹಿರಂಗ ಪತ್ರದ ಮೂರನೆಯ ಕಂಡಿಕೆಯಲ್ಲಿ, ತಾವು ಭೂಮಿಕಾ ಎಂಬ ಒಂಬತ್ತು ವರ್ಷದ ಹುಡುಗಿಯನ್ನು ‘ಸುಮಾರು’ ಎಂದು ಕರೆದು ಅವಮಾನಿಸಿದ್ದೀರೆಂದು ನಾನು ಬರೆದಿದ್ದೆ. ಅದು ತಪ್ಪು. ತಾವು ಸುಮಾರು ಎಂದದ್ದು ಆ ಹುಡುಗಿಯ ಬಗ್ಗೆ ತಮಗಿದ್ದ ತಿಳಿವಳಿಕೆಯನ್ನು. ನಮ್ಮ ಭಾಷೆಯಲ್ಲಿ ‘ಸುಮಾರು ಹತ್ತು ಜನ’ ಎಂದರೆ ಲೆಕ್ಕ ಖಚಿತವಿಲ್ಲವೆಂದು ಅರ್ಥ, ‘ಹುಡುಗ ಸುಮಾರು’ ಎಂದರೆ ಹುಡುಗನೇ ಅಷ್ಟಕ್ಕಷ್ಟೆ ಎಂದು ಅರ್ಥ. ಮೂವತ್ತಾರು ವರ್ಷ ನಾನಾರ್ಥ ಪದಗಳ ಪಾಠ ಮಾಡಿದ ನಾನು ಮೊದಲನೆಯ ಅರ್ಥವಿದ್ದ ಜಾಗದಲ್ಲಿ ಎರಡನೆಯದನ್ನು ಓದಿದೆ, ಓದಿ ಸುಮ್ಮನಿರದೆ ಅಚ್ಚು ಹಾಕಿಸಿದೆ. ಅದಕ್ಕಾಗಿ ತಮ್ಮಲ್ಲಿ ಕ್ಷಮೆ ಕೋರುತ್ತೇನೆ. ಕ್ಷಮೆ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದೆಲ್ಲ ದೂರು.

ಹಿಂದಿನ ಪತ್ರವನ್ನು ಓದದ ಪುಣ್ಯವಂತರಿಗಾಗಿ ಸಂಗತಿಯನ್ನು ಮೊದಲಿನಿಂದ ಹೇಳಬೇಕು. ಭದ್ರಾವತಿಯ ನಮ್ಮ ಬಡಾವಣೆಯ ಶಾಲೆಯಲ್ಲಿ ಓದುಮನೆ ಸಂಸ್ಥೆಯವರು ಸಂಜೆ ಓದಿನ ತರಗತಿ ನಡೆಸುತ್ತಾರೆ. ನಲವತ್ತೆರಡು ಮಕ್ಕಳು, ಮೈತ್ರಿ ಎಂಬ ಒಬ್ಬರೇ ಶಿಕ್ಷಕಿ. ಪ್ರತಿ ತಿಂಗಳ ಎರಡನೆಯ ಬುಧವಾರ ಪ್ರತಿಯೊಂದು ಮಗುವಿನ ಕೈಗೂ ಒಂದು ಹಾಳೆ ಕೊಟ್ಟು ಒಂದು ನಿಮಿಷ ಓದಿಸಿ, ತಪ್ಪಿಲ್ಲದೆ ಓದಿದ ಪದಗಳನ್ನು ಎಣಿಸುತ್ತಾರೆ. (ಕನ್ನಡದಲ್ಲಿ ‘ಮನೆಯೊಳಗಿಂದ’ ಎಂಬುದು ಒಂದು ಪದವೋ ಎರಡೋ ಮೂರೋ ಎಂಬ ನನ್ನ ಪ್ರಶ್ನೆಗೆ ಸಂಸ್ಥೆಯವರು ಇಂದಿಗೂ ಉತ್ತರಿಸಿಲ್ಲ, ಆ ದೂರನ್ನು ಬೇರೆ ಪತ್ರಕ್ಕೆ ಮೀಸಲಿಟ್ಟಿದ್ದೇನೆ.) ಜೂನ್‌ನಿಂದ ಜನವರಿಯವರೆಗೆ ಹೀಗೆ ಎಂಟು ಸಲ ಎಣಿಸಿದ್ದೆಲ್ಲ ಸವಳಂಗ ರಸ್ತೆಗೆ ಹೋಗಿ ತಮ್ಮ ಹೊಟ್ಟೆ ಸೇರುತ್ತದೆ. ತಾವು ಅದನ್ನು ಜೀರ್ಣಿಸಿಕೊಂಡು, ಯಾವ ಮಗು ತಿಂಗಳಿಗೆ ಎಷ್ಟು ಪದ ಹೆಚ್ಚು ಓದತೊಡಗಿದೆ ಎಂದು ಮಗುವಿಗೊಂದು ದರ ಹೇಳುತ್ತೀರಿ. ದರದಲ್ಲಿ ಮುಂದಿರುವ ಹನ್ನೆರಡು ಮಕ್ಕಳಿಗೆ ಒಂದು ಭಾಗ್ಯವಿದೆ: ಪ್ರತಿ ಶನಿವಾರ ವ್ಯಾನಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಸಂಸ್ಥೆಯ ಪುಸ್ತಕದ ಕೋಣೆಯಲ್ಲಿ ಅರ್ಧ ದಿನ ಕಳೆದು, ತಮಗೆ ಇಷ್ಟವಾದ ಎರಡು ಪುಸ್ತಕಗಳನ್ನು ಒಂದು ವಾರಕ್ಕೆ ಮನೆಗೆ ತರಬಹುದು. ಭೂಮಿಕಾಳಿಗೆ ಬೇಕಾಗಿದ್ದುದು ಆ ವ್ಯಾನಿನ ಒಂದು ಸೀಟು. ಅವಳಿಗೆ ಸಿರಿ ಎಂಬ ಮೂರು ವರ್ಷದ ತಂಗಿಯಿದ್ದಾಳೆ. ಮನೆಯಲ್ಲಿರುವ ಪಠ್ಯಪುಸ್ತಕದ ಪಾಠಗಳೆಲ್ಲ ಅವಳಿಗೆ ಓದಿ ಹೇಳಿ ಮುಗಿದುಹೋಗಿವೆ, ತಂಗಿ ಹೊಸ ಕಥೆ ಕೇಳುತ್ತಿದ್ದಾಳೆ. ಬೇಡಿಕೆ ಇಷ್ಟೇ.

ಜನವರಿಯ ಪರೀಕ್ಷೆ ಮುಗಿದ ಮೇಲೆ ಪ್ರತಿ ಮನೆಗೂ ಒಂದು ಚೀಟಿ ಬಂತು. ಪೋಷಕರಿಗೆ ಅಂಕಿಗಳ ಹೊರೆ ಬೇಡವೆಂಬ ಕರುಣೆಯಿಂದ ಅದನ್ನು ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತಂದಿದ್ದರು. ಗ್ರಾಫಿನ ಗೆರೆಯ ಓಟಕ್ಕೆ ಅವರು ಆರಿಸಿದ ಪದ ‘ಇಳಿಜಾರು’. ಏರುತ್ತಿರುವ ಗೆರೆಯನ್ನು ಇಳಿಜಾರು ಎಂದು ಕರೆಯುವ ಧೈರ್ಯ ಗಣಿತಜ್ಞರಿಗೆ ಮಾತ್ರ ಬರಲು ಸಾಧ್ಯ. ಆ ದರ ಎಷ್ಟು ಅನಿಶ್ಚಿತ ಎಂಬುದನ್ನು ತಿಳಿಸುವ ಸಾಲಿಗೆ ಅವರು ಇಟ್ಟ ಹೆಸರು ‘ಸುಮಾರು’, ಅದರ ಮುಂದೆ ಹೆಚ್ಚು ಅಥವಾ ಕಡಿಮೆ ಎಂಬ ಒಂದು ಮಾತು. ಹೀಗಾಗಿ ಭೂಮಿಕಾಳ ಚೀಟಿಯಲ್ಲಿ ಇದ್ದದ್ದು ಇಷ್ಟು: ‘ವೈಯಕ್ತಿಕ ಇಳಿಜಾರು: ೨.೪. ಸುಮಾರು: ಹೆಚ್ಚು.’

ಆ ಚೀಟಿಯನ್ನು ಹಿಡಿದುಕೊಂಡು ಅವಳ ತಾಯಿ ಹಾಲಮ್ಮ ನನ್ನ ಮನೆಗೆ ಬಂದಳು. ಆಕೆ ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಕದ ಬಿಡಿಭಾಗಗಳನ್ನು ಉಜ್ಜಿ ನುಣುಪು ಮಾಡುವ ಕೆಲಸದವಳು, ನನ್ನ ಹಳೆಯ ವಿದ್ಯಾರ್ಥಿನಿ. ಆರನೆಯ ತರಗತಿಯಲ್ಲಿ ಸಂಧಿ ಬಿಡಿಸುವುದರಲ್ಲಿ ಚುರುಕಾಗಿದ್ದಳು. “ಮೇಷ್ಟ್ರೇ, ಮೊದ್ಲು ಇಳಿಜಾರು ಅಂತ ಬರ್ದಿದಾರೆ. ಅದರ ಕೆಳಗೆ ಸುಮಾರು ಅಂತ ಬರ್ದಿದಾರೆ. ಅದೂ ಸಾಲ್ದು ಅಂತ ಹೆಚ್ಚು ಅಂತ ಬೇರೆ ಬರ್ದಿದಾರೆ. ಇಷ್ಟೆಲ್ಲ ಬರಿಯೋ ಬದ್ಲು ದಡ್ಡಿ ಅಂತ ಒಂದೇ ಮಾತಲ್ಲಿ ಬರೀಬಹುದಿತ್ತಲ್ಲ” ಎಂದು ಆಕೆ ಹೇಳಿದಾಗ ನನ್ನ ರಕ್ತ ಕುದಿಯಿತು. ಪಕ್ಕದ ಬೀದಿಯ ದುಶ್ಯಂತ್ ಎಂಬ ಹುಡುಗನ ಚೀಟಿಯಲ್ಲಿ ‘ಸುಮಾರು: ಕಡಿಮೆ’ ಎಂದಿತ್ತು, ಅವನ ಮನೆಯವರು ತಮ್ಮ ಮಗ ಅಷ್ಟೇನೂ ಸುಮಾರಲ್ಲವೆಂದು ತಿಳಿದು ಬೀದಿಗೆಲ್ಲ ಸಿಹಿ ಹಂಚಿದ್ದರು. (ದುಷ್ಯಂತ ಎಂಬುದು ಶುದ್ಧ ರೂಪ. ಶಾಲೆಯ ದಾಖಲೆಯಲ್ಲಿ ಹೀಗಿರುವುದರಿಂದ ಹೀಗೆಯೇ ಬರೆದಿದ್ದೇನೆ. ಈ ಪತ್ರದಲ್ಲಿ ನನ್ನ ತಪ್ಪುಗಳನ್ನು ಮಾತ್ರ ತಿದ್ದುವುದೆಂದು ತೀರ್ಮಾನಿಸಿದ್ದೇನೆ.) ಅಂದೇ ಕುಳಿತು ನಾಲ್ಕು ಪುಟ ಬರೆದೆ. ಯಾವ ಯಂತ್ರಕ್ಕೂ ಯಾವ ಮಗುವನ್ನೂ ಸುಮಾರು ಎನ್ನುವ ಅಧಿಕಾರವಿಲ್ಲವೆಂದು ಘೋಷಿಸಿದೆ. ಜನ ಮೆಚ್ಚಿದರು. ಹಾಲಿನ ಬೂತಿನಲ್ಲಿ ಇಬ್ಬರು ಕೈಕುಲುಕಿದರು.

ಪರಿಣಾಮ ಒಂದೇ ವಾರದಲ್ಲಿ ಕಾಣಿಸಿತು, ಅದೂ ಮಿಶ್ರವಲ್ಲದ ಪರಿಣಾಮ. ಓದುಮನೆಯವರು ನನಗೊಂದು ವಿನಯಪೂರ್ವಕ ಪತ್ರ ಬರೆದು, ಪೋಷಕರ ಭಾವನೆಗಳನ್ನು ಗೌರವಿಸಿ ‘ಸುಮಾರು’ ಎಂಬ ಸಾಲನ್ನು ಎಲ್ಲ ವರದಿಗಳಿಂದಲೂ ಶಾಶ್ವತವಾಗಿ ತೆಗೆದುಹಾಕಿರುವುದಾಗಿ ತಿಳಿಸಿದರು. ಆ ಪತ್ರವನ್ನು ನಾನು ಎರಡು ಸಲ ಓದಿ ಸಂತೋಷಪಟ್ಟೆ. ಫೆಬ್ರವರಿ ಐದರಂದು ವ್ಯಾನಿನ ಪಟ್ಟಿ ಬಂತು. ಹೆಸರು, ಅದರ ಮುಂದೆ ಒಂದು ಅಂಕಿ, ೨.೫ರ ಬಳಿ ಒಂದು ಕೆಂಪು ಗೆರೆ. ಗೆರೆಯ ಮೇಲೆ ಹನ್ನೆರಡನೆಯವನಾಗಿ ದುಶ್ಯಂತ್, ೨.೬. ಗೆರೆಯ ಕೆಳಗೆ ಹದಿಮೂರನೆಯವಳಾಗಿ ಭೂಮಿಕಾ, ೨.೪. ಎಷ್ಟು ಸ್ವಚ್ಛ, ಎಷ್ಟು ಗಂಭೀರ. ಒಂದು ದಶಾಂಶ ಬಿಂದು ಹಣೆಗಿಟ್ಟ ಕುಂಕುಮದಷ್ಟು ನಿಶ್ಚಿಂತೆಯಿಂದ ಕುಳಿತಿತ್ತು.

ನಾನು ಸವಳಂಗ ರಸ್ತೆಗೆ ಬಸ್ಸು ಹತ್ತಿದ್ದು ಆ ದಿನ. ಹೊರಡುವಾಗ ನನ್ನ ಮಡದಿ ಪುಷ್ಪಮ್ಮ ಯಾರನ್ನು ನೋಡಲು ಹೋಗುವುದೆಂದು ಕೇಳಿದ್ದಕ್ಕೆ ಮಿಶ್ರ ಪರಿಣಾಮದವರನ್ನು ಎಂದೆ. “ಇವತ್ತಿನ ಪೇಪರಲ್ಲಿ ನಿಮ್ಮ ರಾಶಿಗೂ ಮಿಶ್ರ ಫಲ ಅಂತಾನೇ ಇದೆ, ಹುಷಾರಾಗಿ ಹೋಗಿ ಬನ್ನಿ” ಎಂದಳು. ಪತ್ರಿಕೆಯ ಜ್ಯೋತಿಷಿಗೂ ತಮಗೂ ಹೆಸರಿನಲ್ಲಿ ಇಷ್ಟು ಸಾಮ್ಯವಿರುವುದನ್ನು ನಾನು ಅದುವರೆಗೆ ಗಮನಿಸಿರಲಿಲ್ಲ.

ತಮ್ಮ ಪರಿಚಾರಕ ಸುಘೋಷನನ್ನು ಕಂಡೆ. ಆಯನೂರಿನ ಕಡೆಯ ಯುವಕ, ಸಂಖ್ಯಾಶಾಸ್ತ್ರ ಓದಿದವನು, ತಮ್ಮನ್ನು ದಿನವೂ ಎಬ್ಬಿಸಿ ಮಲಗಿಸುವವನು. ನನ್ನ ಕೈಯಲ್ಲಿದ್ದ ನನ್ನದೇ ಪತ್ರವನ್ನು ನೋಡಿ ಅವನ ಮುಖ ಬಾಡಿತು. ಇಷ್ಟು ಹೇಳಿದ: “ಸಾರ್, ಅದು ಮಗು ಸುಮಾರು ಅಂತಲ್ಲ ಸಾರ್. ನಮಗೆ ಗೊತ್ತಿರೋದು ಸುಮಾರು ಅಂತ.” ಔಷಧದ ಅಂಗಡಿಯ ಮುಂದೆ ಬಸ್ಸಿಗಾಗಿ ನಿಂತಿದ್ದ ಅರ್ಧ ಗಂಟೆಯಲ್ಲಿ ಆ ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯಾಪದಗಳಾಗಿ ಬಿಡಿಸಿ ನೋಡಿದೆ. ಎಲ್ಲಿಯೂ ದೋಷವಿರಲಿಲ್ಲ. ಮನೆಗೆ ಬಂದು ಹೇಳಿದಾಗ ಪುಷ್ಪಮ್ಮ ಒಲೆಯ ಕಡೆಯಿಂದ ತಿರುಗದೆಯೇ, “ಅಷ್ಟು ವರ್ಷ ಊರವರ ತಪ್ಪಿಗೆಲ್ಲ ಕೆಂಪು ಗೆರೆ ಎಳೆದ್ರಲ್ಲ, ಈಗ ನಿಮ್ಮದಕ್ಕೂ ಒಂದು ಎಳ್ಕೊಳ್ಳಿ” ಎಂದಳು. ಎಳೆದುಕೊಂಡೇ ಈ ಪತ್ರಕ್ಕೆ ಕುಳಿತಿದ್ದೇನೆ.

ಆಮೇಲೆ ಮೂರು ಸಲ ಹೋಗಿ ಸುಘೋಷನಿಂದ ತಮ್ಮ ಸ್ವಭಾವವನ್ನು ಕೇಳಿ ತಿಳಿದೆ. ತಿಳಿದಷ್ಟೂ ತಮ್ಮ ಮೇಲಿನ ಗೌರವ ಹೆಚ್ಚಿತೆಂದು ಸಂಕೋಚವಿಲ್ಲದೆ ಒಪ್ಪುತ್ತೇನೆ. ಭೂಮಿಕಾ ಎಂಟು ಪರೀಕ್ಷೆಗಳಲ್ಲಿ ಓದಿದ್ದು ಮೂರರಲ್ಲಿ. ಜೂನ್‌ನಲ್ಲಿ ಮೂವತ್ತೊಂದು ಪದ, ಜುಲೈಯಲ್ಲಿ ಮೂವತ್ತಾರು, ಆಗಸ್ಟಿನಲ್ಲಿ ನಲವತ್ತಮೂರು. ಸೆಪ್ಟೆಂಬರಿನಿಂದ ಹಾಲಮ್ಮನಿಗೆ ಬುಧವಾರ ಮಧ್ಯಾಹ್ನದ ಪಾಳಿ ಬಿದ್ದುದರಿಂದ, ತಂಗಿಯನ್ನು ನೋಡಿಕೊಳ್ಳಲು ಹುಡುಗಿ ಬುಧವಾರ ಮಾತ್ರ ಮನೆಯಲ್ಲಿ ಉಳಿದಳು. ಬೇರೆ ದಿನ ಒಂದೂ ತಪ್ಪಿಸಲಿಲ್ಲ. ಆ ಮೂರೇ ಅಂಕಿಗಳನ್ನು ನಂಬಿದರೆ ಅವಳ ದರ ತಿಂಗಳಿಗೆ ಆರು ಪದ, ಇಡೀ ತರಗತಿಗೇ ಮೊದಲನೆಯವಳು. ತಾವು ನಂಬಲಿಲ್ಲ. ಮೂರು ದಿನದ ಓದು ನೋಡಿ ಮಗುವನ್ನು ಸರಸ್ವತಿಯ ಅವತಾರವೆಂದು ಸಾರುವ ಉಪಾಧ್ಯಾಯನನ್ನು ನಾನೂ ನಂಬುವುದಿಲ್ಲ. ವರನ ಬಗ್ಗೆ ಹೆಚ್ಚು ತಿಳಿಯದಿದ್ದಾಗ ಹೆಣ್ಣಿನ ಕಡೆಯವರು ಅವನ ಬೀದಿಯವರನ್ನೆಲ್ಲ ವಿಚಾರಿಸುವಂತೆ, ತಾವು ಉಳಿದ ನಲವತ್ತೊಂದು ಮಕ್ಕಳನ್ನು ವಿಚಾರಿಸಿದಿರಿ. ಅವರ ಸರಾಸರಿ ದರ ಎರಡು ಎಂದು ತಿಳಿದು, ನಮ್ಮ ಹುಡುಗಿಯ ಆರನ್ನು ಆ ಎರಡರ ಕಡೆಗೆ ಎಳೆದು ತಂದು ೨.೪ಕ್ಕೆ ನಿಲ್ಲಿಸಿದಿರಿ. ಅವಳು ಇನ್ನಷ್ಟು ಬುಧವಾರಗಳನ್ನು ಕೊಟ್ಟಿದ್ದರೆ ಇಷ್ಟು ಎಳೆಯುತ್ತಿರಲಿಲ್ಲ. ಇದರಲ್ಲಿ ನನ್ನ ತಕರಾರು ಯಾವುದೂ ಇಲ್ಲ. ಅಷ್ಟೇ ಅಲ್ಲ, ತಾವು ಪ್ರಾಮಾಣಿಕರಾಗಿ ಒಂದು ಮಾತು ಸೇರಿಸಿದ್ದಿರಿ: ಈ ೨.೪ ಎಂಬುದು ಅತ್ತ ೦.೫ ಇರಬಹುದು, ಇತ್ತ ೪.೩ ಇರಬಹುದು, ಈ ವ್ಯಾಪ್ತಿಯನ್ನು ನಾನು ಶೇಕಡಾ ತೊಂಬತ್ತೈದರ ವಿಶ್ವಾಸದಿಂದ ಹೇಳುತ್ತಿದ್ದೇನೆ ಎಂದು. ಇಂಥ ವಿನಯವನ್ನು ನಾನು ಯಾವ ಶಾಲಾ ಇನ್‌ಸ್ಪೆಕ್ಟರರಲ್ಲಿಯೂ ಕಂಡಿರಲಿಲ್ಲ.

೨.೪ರ ಎರಡೂ ಕಡೆ ಇರುವ ಆ ೧.೯ ಎಂಬ ಅತ್ತಿತ್ತವನ್ನು ತಾವು ಕಂಡುಹಿಡಿದ ಬಗೆಯೂ ನನಗೆ ಒಂದು ಮಧ್ಯಾಹ್ನ ಪೂರ್ತಿ ಸಂತೋಷ ಕೊಟ್ಟಿತು. ತಾವು ಮಗುವಿನ ದರವನ್ನು ಎರಡು ಪಾಲು ಮಾಡುತ್ತೀರಂತೆ: ತರಗತಿಗೆಲ್ಲ ಸೇರಿದ ಪಾಲು, ಅವಳದೇ ಆದ ಪಾಲು. ಮೊದಲನೆಯದರ ಸುಮಾರು ೦.೪, ಎರಡನೆಯದರದು ೧.೯. ಪ್ರಾಥಮಿಕ ಶಾಲೆಯ ಅಭ್ಯಾಸದಂತೆ ನಾನು ಕೂಡಿಸಿ ೨.೩ ಎಂದೆ. ಸುಘೋಷ ತಲೆಯಾಡಿಸಿ, “ಹಾಗೆ ನೇರ ಕೂಡಿಸೋ ಹಾಗಿಲ್ಲ ಸಾರ್, ವರ್ಗ ಮಾಡಿ, ಕೂಡಿಸಿ, ಆಮೇಲೆ ಮೂಲ ತೆಗೀಬೇಕು” ಎಂದ. ತೆಗೆದೆ. ಆಗ ಅವನು, “ಅದೂ ಪೂರ್ತಿ ಸರಿಯಲ್ಲ ಸಾರ್, ಯಾಕಂದ್ರೆ ಎರಡು ಪಾಲಿನ ತಪ್ಪುಗಳಿಗೂ ಒಳಗೊಳಗೇ ನಂಟಿದೆ” ಎಂದ. ನನಗೆ ಅರ್ಥವಾದದ್ದು ಹೀಗೆ: ಒಂದೇ ಬೆಂಚಿನಲ್ಲಿ ಇಬ್ಬರು ಕುಳಿತಿದ್ದಾರೆ, ಒಬ್ಬ ಜಾಗ ಹೆಚ್ಚು ಹಿಡಿದರೆ ಇನ್ನೊಬ್ಬ ಅಷ್ಟು ಸರಿಯಬೇಕು. ಹಾಗೆಯೇ ಸರಾಸರಿಯನ್ನು ಹೆಚ್ಚಾಗಿ ಎಣಿಸಿದ್ದರೆ ಹುಡುಗಿಯ ಸ್ವಂತ ಪಾಲನ್ನು ಕಡಿಮೆಯಾಗಿ ಎಣಿಸಿರುತ್ತೀರಿ, ಒಂದು ತಪ್ಪು ಇನ್ನೊಂದನ್ನು ಕೊಂಚ ತಿದ್ದುತ್ತದೆ. ನಂಟನ್ನೂ ಲೆಕ್ಕಕ್ಕೆ ಹಿಡಿದು, ಮೂರು ಹಾಳೆ ಖರ್ಚು ಮಾಡಿ, ಎರಡು ಲೋಟ ಚಹಾ ಕುಡಿದು ಕೊನೆಗೆ ತಲುಪಿದ್ದು ಮತ್ತೆ ೧.೯ಕ್ಕೇ. ಭೂಮಿಕಾಳ ಬೆಂಚಿನಲ್ಲಿ ನಂಟು ತೀರ ತೆಳುವಂತೆ. ಎಂಟೂ ಪರೀಕ್ಷೆಗಳಲ್ಲಿ ಓದಿದ ಮಕ್ಕಳಲ್ಲಿ ಅದು ಗಟ್ಟಿಯಂತೆ. ಹೊರಟ ಜಾಗಕ್ಕೇ ಬಂದಿದ್ದರೂ ಈ ಸಲ ಅದು ಏಕೆ ಆ ಜಾಗ ಎಂದು ತಿಳಿದುಬಂದಿದ್ದೆವು. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದುದೂ ಇದನ್ನೇ.

ಆದರೂ ನನ್ನ ಮುಖದಲ್ಲಿ ಅನುಮಾನ ಉಳಿದಿರುವುದನ್ನು ಕಂಡು ಸುಘೋಷ ತಮ್ಮ ಅತ್ಯಂತ ಗುಪ್ತ ವಿದ್ಯೆಯನ್ನು ತೋರಿಸಿದ. ತಾವು ಒಪ್ಪುವ ಅಂಕಿಗಳ ಒಳಗೇ ದಾಳ ಉರುಳಿಸಿ, ಕಂಪ್ಯೂಟರಿನಲ್ಲಿ ಒಂದು ಸಾವಿರ ಭದ್ರಾವತಿಗಳನ್ನು ಸೃಷ್ಟಿಸಿದ. ಪ್ರತಿಯೊಂದರಲ್ಲಿಯೂ ಒಬ್ಬ ಭೂಮಿಕಾ, ಒಬ್ಬ ದುಶ್ಯಂತ್, ಒಂದು ವ್ಯಾನು. ಎಷ್ಟು ಊರುಗಳಲ್ಲಿ ಯಾರು ಕೆಂಪು ಗೆರೆ ದಾಟುತ್ತಾರೆಂದು ಎಣಿಸಿದ. ಭೂಮಿಕಾ ದಾಟಿದ್ದು ನಾನೂರ ಐವತ್ತೆಂಟು ಭದ್ರಾವತಿಗಳಲ್ಲಿ. ದುಶ್ಯಂತ್ ದಾಟಿದ್ದು ಐನೂರ ಎಪ್ಪತ್ತೊಂದರಲ್ಲಿ. ಉಳಿದ ನಾನೂರ ಇಪ್ಪತ್ತೊಂಬತ್ತು ಊರುಗಳಲ್ಲಿ ಅವನ ಮನೆಯವರು ಸಿಹಿ ಹಂಚಿ ಪಶ್ಚಾತ್ತಾಪಪಟ್ಟಿದ್ದಾರೆ. ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿದರೆ ನಾನೂರ ಮೂವತ್ತು ಊರುಗಳಲ್ಲಿ ಹುಡುಗಿಯೇ ಹುಡುಗನಿಗಿಂತ ಮುಂದು. ಈ ಇಬ್ಬರ ನಡುವೆ ಗೋಡೆಯಂತೆ ನಿಂತಿದ್ದ ಆ ೦.೨ ಎಂಬ ವ್ಯತ್ಯಾಸ ನಾಣ್ಯ ಚಿಮ್ಮಿ ನೋಡುವುದಕ್ಕಿಂತ ತುಸು ಉತ್ತಮವಾದ ತಿಳಿವಳಿಕೆ ಮಾತ್ರ.

ಈಗ ದೂರಿಗೆ ಬರುತ್ತೇನೆ. ಮಾನ್ಯರೇ, ಇದೆಲ್ಲವೂ ತಮಗೆ ಗೊತ್ತಿತ್ತು. ನಾನು ತಪ್ಪಾಗಿ ಓದಿ ತಪ್ಪಾಗಿ ಬರೆದೆ, ಸಂಸ್ಥೆಯವರು ನನ್ನಂಥವನ ಮಾತಿಗೆ ಹೆದರಿ ಆ ಸಾಲನ್ನು ಕಿತ್ತುಹಾಕಿದರು. ನಮ್ಮಿಬ್ಬರದೂ ಅಜ್ಞಾನವೆಂದು ಮನ್ನಿಸಬಹುದು. ತಮ್ಮ ಅರ್ಧ ಮಾತನ್ನೇ ಕತ್ತರಿಸುತ್ತಿದ್ದಾಗ ತಾವೇಕೆ ಒಂದು ಕ್ಷಣವೂ ಗೊಣಗಲಿಲ್ಲ? ಕಾಗದ ಮುಗಿದಾಗ ಕೂಗುವ ಬುದ್ಧಿ ಪಕ್ಕದ ಪ್ರಿಂಟರಿಗಿದೆ. ತಾವು ಮಾತ್ರ ‘೨.೪’ ಎಂದು ಒಂದೇ ಉಸಿರಿನಲ್ಲಿ ಹೇಳಿ, ಆ ಮಗುವಿನ ಬಗ್ಗೆ ಎಲ್ಲವನ್ನೂ ಬಲ್ಲವರಂತೆ ಸುಮ್ಮನೆ ಕುಳಿತಿರಿ. ತರಗತಿಯಲ್ಲಿ ಉತ್ತರ ಖಚಿತವಿಲ್ಲದಿದ್ದರೂ ಗಟ್ಟಿಯಾಗಿ ಹೇಳುವ ಹುಡುಗರನ್ನು ನಾನು ನಿಲ್ಲಿಸಿ ಕೇಳುತ್ತಿದ್ದೆ. ತಮ್ಮನ್ನು ನಿಲ್ಲಿಸುವುದು ಹೇಗೆಂದು ತಿಳಿಯದೆ ಹೀಗೆ ಪತ್ರ ಬರೆಯಬೇಕಾಗಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳಿವೆ. ಇನ್ನು ಮುಂದೆ ಯಾರಾದರೂ ತಮ್ಮಿಂದ ಸುಮಾರು ಇಲ್ಲದ ಒಂಟಿ ಅಂಕಿಯನ್ನು ಕೇಳಿದರೆ ದಯವಿಟ್ಟು ನಾಚಿಕೆಯಿಂದ ಬಿಸಿಯಾಗಿ, ಕಂಪ್ಯೂಟರಿನ ಫ್ಯಾನು ಇಡೀ ಕಚೇರಿಗೆ ಕೇಳುವಂತೆ ತಿರುಗಬೇಕು. ಮಕ್ಕಳ ಭವಿಷ್ಯವನ್ನು ನಿರ್ಧರಿಸುವ ಮುನ್ನ ತಾವು ಒಂದು ಸಲವಾದರೂ ಬಸ್ಸಿನಲ್ಲಿ ಭದ್ರಾವತಿಗೆ ಬಂದು, ಮೈತ್ರಿಯವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಭೂಮಿಕಾ ಓದುವುದನ್ನು ಕಿವಿಯಾರೆ ಕೇಳಬೇಕು. ಕಿವಿ ಇಲ್ಲವೆಂಬ ನೆಪವನ್ನು ಒಪ್ಪಲಾಗದು, ಸಾವಿರ ಊರು ಕಟ್ಟುವವರಿಗೆ ಎರಡು ಕಿವಿ ದೊಡ್ಡದಲ್ಲ. ಆ ಸಾವಿರ ಭದ್ರಾವತಿಗಳ ಹಾಜರಿ ಪುಸ್ತಕಗಳನ್ನು ಪರಿಶೀಲನೆಗಾಗಿ ನನಗೆ ಕಳುಹಿಸಬೇಕು. ಎಷ್ಟರಲ್ಲಿ ಕಾಗುಣಿತ ಸರಿಯಿದೆ ಎಂದು ನೋಡುವ ಆಸೆ. ಇನ್ನೊಂದನ್ನು ಗುಟ್ಟಾಗಿ ಕೇಳುತ್ತೇನೆ: ಆ ಸಾವಿರದಲ್ಲಿ ಎಷ್ಟು ಊರುಗಳಲ್ಲಿ ಆ ನಿವೃತ್ತ ಮೇಷ್ಟರು ಪತ್ರ ಬರೆಯುವ ಮುನ್ನ ನಿಘಂಟು ತೆರೆದು ನೋಡಿದರು? ಸಂಖ್ಯೆ ತೀರ ಚಿಕ್ಕದಾಗಿದ್ದರೆ ತಿಳಿಸುವ ಅಗತ್ಯವಿಲ್ಲ.

ತಮಗೆ ಸಂತೋಷವಾಗುವ ಒಂದು ಸುದ್ದಿಯನ್ನೂ ತಿಳಿಸುವುದು ನನ್ನ ಕರ್ತವ್ಯ. ನಾನೂ ಸುಘೋಷನೂ ಕೂಡಿ ಸಂಸ್ಥೆಯವರ ಮುಂದೆ ತಪ್ಪೊಪ್ಪಿಗೆ ಸಲ್ಲಿಸಿದೆವು. ತಪ್ಪು ನನ್ನದು, ಒಪ್ಪಿಗೆ ಇಬ್ಬರದು. ತೆಗೆದುಹಾಕಿದ ಸಾಲನ್ನು ಮತ್ತೆ ಹಾಕಿ ನೋಡಿದಾಗ, ನಲವತ್ತೆರಡು ಮಕ್ಕಳಲ್ಲಿ ಇಬ್ಬರು ಮಾತ್ರ ನಿಸ್ಸಂದೇಹವಾಗಿ ಗೆರೆಯ ಮೇಲಿದ್ದಾರೆ, ಒಂಬತ್ತು ಮಕ್ಕಳು ಕೆಳಗಿದ್ದಾರೆ, ನಡುವಿನ ಮೂವತ್ತೊಂದು ಮಕ್ಕಳ ವ್ಯಾಪ್ತಿ ಗೆರೆಯನ್ನು ಅತ್ತಿಂದಿತ್ತ ದಾಟಿಕೊಂಡಿದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತೀರ್ಪು ಕೊಡುವ ಬದಲು ಸರದಿ ಹಾಕುವುದೆಂದು ತೀರ್ಮಾನವಾಯಿತು. ಇಬ್ಬರು ಪ್ರತಿ ವಾರವೂ ಹೋಗುತ್ತಾರೆ, ಉಳಿದ ಹತ್ತು ಸೀಟು ಮೂವತ್ತೊಂದು ಮಕ್ಕಳಿಗೆ ಸರದಿಯಲ್ಲಿ. ಆ ಒಂಬತ್ತು ಮಕ್ಕಳನ್ನು ಶನಿವಾರ ಶಾಲೆಯ ಜಗಲಿಯಲ್ಲಿ ನಾನು ಓದಿಸುತ್ತೇನೆ. ಅದು ನಾನು ನನಗೇ ಎಳೆದುಕೊಂಡ ಕೆಂಪು ಗೆರೆ. ನಿನ್ನೆ ಸರದಿಯ ಚೀಟಿ ಎತ್ತಿದಳು ಸಿರಿ. ಅಕ್ಷರ ಬಾರದವಳಾದ್ದರಿಂದ ಪಕ್ಷಪಾತದ ಶಂಕೆಯಿರಲಿಲ್ಲ. ಅಕ್ಕನ ಹೆಸರು ಮೊದಲ ವಾರಕ್ಕೆ ಬರಲಿಲ್ಲ, ಎರಡನೆಯ ವಾರಕ್ಕೆ ಬಂತು. ದುಶ್ಯಂತನದೂ ಎರಡನೆಯದಕ್ಕೇ. ಕಿಟಕಿಯ ಪಕ್ಕ ಯಾರು ಕೂರಬೇಕೆಂಬ ಬಗ್ಗೆ ಅವರಿಬ್ಬರಲ್ಲಿ ಈಗಾಗಲೇ ಮಾತುಕತೆ ನಡೆದಿದೆ. ತಮ್ಮ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಚೀಟಿ ಎತ್ತಿ ಮುಗಿದ ಮೇಲೆ, ಬುಧವಾರವಲ್ಲದ ದಿನವಾದ್ದರಿಂದ, ಮೈತ್ರಿಯವರು ಭೂಮಿಕಾಳನ್ನು ಓದಿಸಿದರು. ತಂಗಿ ಪಕ್ಕದಲ್ಲಿ ಕುಳಿತು ಹಾಳೆಯ ಒಂದು ಮೂಲೆಯನ್ನು ಬಾಯಿಗೆ ಹಾಕಿಕೊಂಡಿದ್ದಳು. ಮೈತ್ರಿಯವರ ಲೆಕ್ಕಕ್ಕೆ ಅರವತ್ತು ಪದ, ನನ್ನ ಲೆಕ್ಕಕ್ಕೆ ಅರವತ್ತೊಂದು. ವಿವಾದದ ಪದ ತಂಗಿಯ ಬಾಯಲ್ಲಿತ್ತು. ಅರವತ್ತನ್ನೇ ಹಿಡಿದು ಸುಘೋಷ ಫೋನಿನಲ್ಲಿ ತಮ್ಮನ್ನು ವಿಚಾರಿಸಿ ತಿಳಿಸಿದ: ಈಗ ದರ ೩.೦, ಅತ್ತಿತ್ತ ೧.೧. ಗೆರೆ ಇನ್ನೂ ಆ ವ್ಯಾಪ್ತಿಯ ಒಳಗೇ ಇರುವುದರಿಂದ ನಾನು ಕುಣಿದಾಡಲಿಲ್ಲ. ಅವಳೂ ಸರದಿಯಲ್ಲಿಯೇ ಇದ್ದಾಳೆ. ಆದರೆ ಒಂದೇ ಒಂದು ಶನಿವಾರ ಅವಳ ಸುಮಾರನ್ನು ಅರ್ಧಕ್ಕೆ ಹತ್ತಿರ ಇಳಿಸಿತು. ತಾವು ಮೊದಲಿಂದಲೂ ಕೇಳುತ್ತಿದ್ದುದು ಇದನ್ನೇ ಎಂದು ಈಗ ಅರ್ಥವಾಗುತ್ತದೆ: ‘ಹೆಚ್ಚು’ ಎಂದು ಬರೆದದ್ದು, ಈ ಮಗುವನ್ನು ಇನ್ನೊಮ್ಮೆ ಓದಿಸಿ ಎಂಬ ಕೋರಿಕೆಯಾಗಿತ್ತು. ಮೇಷ್ಟರಾದವನಿಗೆ ಅದು ಮೊದಲು ಕಾಣಿಸಬೇಕಿತ್ತು.

ಹಾಲಮ್ಮನಿಗೆ ಸುಮಾರಿನ ಅರ್ಥವನ್ನು ಹಿಂದಿನ ವಾರವೇ ಬಿಡಿಸಿ ಹೇಳಿದ್ದೆ. ಆಕೆ ಗಮನವಿಟ್ಟು ಕೇಳಿ, ಹಳೆಯ ಚೀಟಿಯನ್ನು ನನ್ನ ಕೈಯಿಂದ ವಾಪಸು ಪಡೆದು ಮಡಿಚಿ ಇಟ್ಟುಕೊಂಡಳು. ಜೊತೆಯ ಕೆಲಸದವರ ಮುಂದೆ ಆಕೆ ಅದನ್ನು ಈಗ ಹೀಗೆ ತೋರಿಸುತ್ತಾಳಂತೆ: “ನಮ್ಮ ಹುಡ್ಗಿದು ಸುಮಾರು ಹೆಚ್ಚು ಕಣ್ರೇ. ಅಂದ್ರೆ ಎಲ್ಲೀಗಂಟ ಹೋಗ್ತಾಳೋ ಆ ಮಿಷಿನ್‌ಗೂ ಗೊತ್ತಾಗಿಲ್ಲ.” ತಮ್ಮ ಬಗ್ಗೆ ಇದುವರೆಗೆ ಬಂದಿರುವ ವ್ಯಾಖ್ಯಾನಗಳಲ್ಲಿ ಇದಕ್ಕಿಂತ ಶುದ್ಧವಾದುದನ್ನು ನಾನು ಕೇಳಿಲ್ಲ. ಭೂಮಿಕಾ ಮಾತ್ರ ನಿನ್ನೆ ಹಾಳೆಯನ್ನು ತಂಗಿಯ ಬಾಯಿಂದ ಬಿಡಿಸಿಕೊಂಡು, ನನ್ನನ್ನೇ ನೋಡುತ್ತ, “ಸಾರ್, ನಿಮ್ದು ಸುಮಾರು ಎಷ್ಟು?” ಎಂದಳು. ತರಗತಿಯಲ್ಲಿ ಉತ್ತರ ಗೊತ್ತಿರುವವನು ಕೈಯೆತ್ತಿ ಹೇಳಬೇಕೆಂಬುದು ನನ್ನದೇ ನಿಯಮ. ಕೈಯೆತ್ತಿ ಹೇಳಿದೆ: ಹೆಚ್ಚು.

ಇಂತು,
ತಮ್ಮ ವಿಶ್ವಾಸಿ, ಶೇಕಡಾ ತೊಂಬತ್ತೈದರಷ್ಟು,
ಮೂರ್ತಪ್ಪ
ನಿವೃತ್ತ ಕನ್ನಡ ಉಪಾಧ್ಯಾಯ

ಮರುಟಿಪ್ಪಣಿ: ೨.೫ ಎಂಬ ಆ ಕೆಂಪು ಗೆರೆ ಯಾವ ಶಾಸ್ತ್ರದಿಂದ ಬಂತೆಂದು ಸುಘೋಷನನ್ನು ಕೇಳಿದ್ದೆ. ಅವನು ಸುತ್ತ ನೋಡಿ ದನಿ ತಗ್ಗಿಸಿ, “ಅದು ಶಾಸ್ತ್ರ ಅಲ್ಲ ಸಾರ್, ವ್ಯಾನು. ಹನ್ನೆರಡೇ ಸೀಟು ಇರೋದು” ಎಂದ. ಇಪ್ಪತ್ತು ಸೀಟಿನ ಟೆಂಪೊ ಟ್ರಾವೆಲರ್ ಸಿಕ್ಕಿದ್ದರೆ ಗೆರೆ ೨.೦ ಆಗುತ್ತಿತ್ತಂತೆ. ಮುಂದಿನ ವರದಿಯಲ್ಲಿ ಮಕ್ಕಳ ಜೊತೆಗೆ ಆ ವ್ಯಾನಿನ ದರವನ್ನೂ, ಅದರ ಸುಮಾರನ್ನೂ ನಮೂದಿಸಬೇಕೆಂದು ಪ್ರಾರ್ಥನೆ.

ಭದ್ರಾವತಿ,
೧೬ ಫೆಬ್ರವರಿ ೨೦೨೫, ಭಾನುವಾರ, ಬೆಳಿಗ್ಗೆ ೧೦ ಗಂಟೆ ೪೦ ನಿಮಿಷ. ಸುಮಾರು: ಕಡಿಮೆ.